ಒಣಗಣ್ಣಿನ ಪಾಳಿ

ದೊಡ್ಡವ್ವ ಕನ್ನಡಕ ಹುಡುಕುತ್ತಿದ್ದಳು. ಗೋಡೆಯ ಮಾಡದಲ್ಲಿ ನೋಡಿದಳು, ದಿಂಬಿನ ಕೆಳಗೆ ಕೈಯಾಡಿಸಿದಳು, ಹಿತ್ತಲಿಗೆ ಹೋಗಿ ಬಂದಳು. ಬಹಳ ಹೊತ್ತಿನ ಮೇಲೆ ಕನ್ನಡಕ ತನ್ನ ತಲೆಯ ಮೇಲೆಯೇ ಇದೆ ಎಂಬುದು ಅವಳಿಗೆ ತಿಳಿಯಿತು. ತಿಳಿದವಳು ಒಂದು ಗಳಿಗೆ ಸುಮ್ಮನೆ ನಿಂತಳು. ಸಂಚಿಕೆ ಮುಗಿಯಿತು.

ಆ ಸಂಜೆ ಮೂರು ಕೋಟಿ ಜನ ಅತ್ತರು. ಹುಬ್ಬಳ್ಳಿಯ ಪ್ರಸಾರ ನಿಯಂತ್ರಣ ಕೊಠಡಿಯಲ್ಲಿ ಪಾಳಿಯ ಮುಖ್ಯಸ್ಥ ಅಲ್ತಾಫ್ ನದಾಫ್ ಮುಖಕ್ಕೆ ಕರವಸ್ತ್ರ ಒತ್ತಿಕೊಂಡು ಕುಳಿತಿದ್ದ. ಅವನ ಪಕ್ಕದ ಮೇಜಿನಲ್ಲಿದ್ದ ತನುಜಾ ಮುಳಗುಂದ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ಚಾಳೀಸು ತಲಿ ಮ್ಯಾಲ ಇದ್ದದ್ದು ನನಗ ಮೊದ್ಲ ಕಂಡಿತ್ತು."

"ಅಕ್ಕಾರ, ನಿಮಗ ಪಗಾರ ಕೊಡೂದು ಅದಕ್ಕ ನೋಡ್ರಿ," ಎಂದ ಅಲ್ತಾಫ್, ಮೂಗು ಒರೆಸಿಕೊಳ್ಳುತ್ತ.

ಅವನು ಹೇಳಿದ್ದು ತಮಾಷೆಯಾಗಿದ್ದರೂ ನಿಜ.

'ಪಡಸಾಲೆ' ಆರಂಭವಾಗಿ ಆರು ವರ್ಷವಾಗಿತ್ತು. ದಿನವೂ ಸಂಜೆ ಏಳಕ್ಕೆ ನೇರ ಪ್ರಸಾರ. ಕಥೆ ಎನ್ನುವಂಥದ್ದು ಅದರಲ್ಲಿ ಕಡಿಮೆ. ಒಂದು ಮನೆಯ ಪಡಸಾಲೆ. ಅಲ್ಲಿ ದೊಡ್ಡವ್ವ, ಅವಳ ಸೊಸೆ, ಒಬ್ಬ ಮೊಮ್ಮಗಳು. ಎಂದೋ ಒಂದು ಮಾತಿಗೆ ಸಿಟ್ಟಾಗಿ ಮನೆ ಬಿಟ್ಟು ಹೋದ ದೊಡ್ಡವ್ವನ ಹಿರಿಯ ಮಗ ಮಾತಿನಲ್ಲಿ ಮಾತ್ರ ಬರುತ್ತಿದ್ದ. ಯಾರೋ ಅಕ್ಕಿ ಆರಿಸುತ್ತಾರೆ, ಯಾರೋ ಗುಂಡಿ ಹೊಲಿಯುತ್ತಾರೆ. ಇಷ್ಟನ್ನು ನೋಡಲು ಆ ಹೊತ್ತಿಗೆ ಮಾರುಕಟ್ಟೆಗಳು ಮುಚ್ಚುತ್ತಿದ್ದವು, ಬಸ್ಸುಗಳು ಅರ್ಧ ಗಂಟೆ ನಿಲ್ಲುತ್ತಿದ್ದವು, ಮದುವೆಯ ಆರತಕ್ಷತೆಗಳು ಎಂಟಕ್ಕೆ ಶುರುವಾಗುತ್ತಿದ್ದವು.

ಗುಟ್ಟು ಇದ್ದದ್ದು ಚಿತ್ರದಲ್ಲಲ್ಲ, ಬಿಲ್ಲೆಯಲ್ಲಿ. ಕಿವಿಯ ಹಿಂದೆ ಅಂಟಿಸಿಕೊಳ್ಳುವ, ಅಂಗಿಯ ಗುಂಡಿಯಷ್ಟಗಲದ ತಾಮ್ರದ ಬಿಲ್ಲೆ. ಮಿದುಳಿನಿಂದ ಎದೆ, ಹೊಟ್ಟೆಗಳಿಗೆ ಇಳಿಯುವ ದೊಡ್ಡ ನರವೊಂದರ ಸಣ್ಣ ಕವಲು ಕಿವಿಯ ಚರ್ಮಕ್ಕೂ ಬರುತ್ತದೆ. ಬಿಲ್ಲೆ ನೋಡುಗನ ಉಸಿರನ್ನೂ ಎದೆಬಡಿತವನ್ನೂ ಓದಿ ಕೇಂದ್ರಕ್ಕೆ ಕಳಿಸುತ್ತಿತ್ತು. ಕೇಂದ್ರದ ಗಣಕ ಎಲ್ಲರದನ್ನೂ ಕೂಡಿಸಿ, ಸರಾಸರಿ ತೆಗೆದು, ತುಸು ಹೆಚ್ಚಿಸಿ, ಆ ಕವಲಿನ ಮೂಲಕವೇ ಎಲ್ಲರಿಗೂ ಹಿಂದಿರುಗಿಸುತ್ತಿತ್ತು. ಹೀಗೆ ಬೀದರಿನ ಒಬ್ಬ ವಿಧವೆಯ ಗಂಟಲು ಕಟ್ಟಿದರೆ ಅದರ ಒಂದು ಕಣ ಕಾರವಾರದ ಮೀನುಗಾರನ ಗಂಟಲಿಗೂ ತಲುಪುತ್ತಿತ್ತು. ಯಾರೂ 'ಪಡಸಾಲೆ'ಯನ್ನು ಒಬ್ಬರೇ ನೋಡುತ್ತಿರಲಿಲ್ಲ. ನಟರೂ ಬಿಲ್ಲೆ ಧರಿಸಿದ್ದರು. ಜನರ ಎದೆಯಲ್ಲಿ ಏಳುವುದನ್ನು ಹಿಡಿದುಕೊಂಡೇ ಅವರು ಮುಂದಿನ ಹೆಜ್ಜೆ ಇಡುತ್ತಿದ್ದರು.

ಕೆಲವರಲ್ಲಿ ಮಾತ್ರ ಆ ಕವಲು ಆಳದಲ್ಲಿರುತ್ತದೆ. ಅವರಿಗೆ ಬಿಲ್ಲೆ ಬರೀ ತಣ್ಣನೆಯ ತಾಮ್ರ. ಅಂಥವರು ಲಕ್ಷಕ್ಕೆ ಇಬ್ಬರೋ ಮೂವರೋ. ಕಾರ್ಯಕ್ರಮದ ಎರಡನೆಯ ವರ್ಷ ಒಮ್ಮೆ ಚಿತ್ರ ಹೆಪ್ಪುಗಟ್ಟಿದಂತೆ ನಿಂತುಬಿಟ್ಟಿತ್ತು. ನಿಯಂತ್ರಣ ಕೊಠಡಿಯ ಸಿಬ್ಬಂದಿ ನಿಂತ ಚಿತ್ರವನ್ನೇ ನೋಡುತ್ತ ಅಳುತ್ತಿದ್ದರೇ ಹೊರತು ಕೆಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ. ಬಿಲ್ಲೆ ತೆಗೆದಿಟ್ಟು ಕೆಲಸ ಮಾಡಿ ಎಂದರೂ ಉಪಯೋಗವಾಗಲಿಲ್ಲ; ಅಭ್ಯಾಸವಾದ ಮೈ ಬಿಲ್ಲೆ ತೆಗೆದು ವಾರಗಳಾದರೂ ಕರಗುತ್ತಿತ್ತು. ಆಮೇಲೆ ಪ್ರತಿ ಪಾಳಿಗೆ ಬಿಲ್ಲೆ ಹಿಡಿಯದ ಒಬ್ಬರನ್ನು ನೇಮಿಸಿಕೊಳ್ಳುವ ಪದ್ಧತಿ ಬಂತು. ಕಾಗದದಲ್ಲಿ ಅವರ ಹುದ್ದೆಗೆ ದೊಡ್ಡ ಹೆಸರಿತ್ತು. ಕೊಠಡಿಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಒಣಗಣ್ಣಿನವರು ಎಂದೇ.

ಒಣಗಣ್ಣಿನವರ ಮೇಜಿನ ಮೇಲೆ ಒಂದು ಕೆಂಪು ಗುಂಡಿ. ಒತ್ತಿದರೆ ಪ್ರಸಾರ ಕಡಿದು, ಪರದೆಯ ಮೇಲೆ ತಾವರೆ ಕೊಳದ ಚಿತ್ರ ಬರುತ್ತದೆ. ಬಿಲ್ಲೆಗಳು ಮೆಲ್ಲಗೆ ಸುಮ್ಮನಾಗುತ್ತವೆ. ಯಾವಾಗ ಒತ್ತಬೇಕೆಂಬುದಕ್ಕೆ ಮೂರು ಗುರುತು: ಚಿತ್ರ ನಿಲ್ಲುವುದು, ಧ್ವನಿ ನಿಲ್ಲುವುದು, ಉಸಿರಿನ ರೇಖೆ ಮಲಗುವುದು. ಬಿಲ್ಲೆ ಹಾಕಿದವರ ಉಸಿರೆಲ್ಲ ಒಂದೇ ಲಯಕ್ಕೆ ಬೀಳುತ್ತಿದ್ದುದರಿಂದ ಗಣಕದ ಪರದೆಯ ಮೇಲೆ ಅದು ಸದಾ ಅಲೆಯಂತೆ ಏರಿ ಇಳಿಯುತ್ತಿತ್ತು. ಆ ಅಲೆ ಮಲಗಿದರೆ ಸಂಪರ್ಕ ಕಡಿದಿದೆ ಎಂದೇ ಅರ್ಥ. ಮೂರೂ ಕೂಡಿ ಇಪ್ಪತ್ತು ಸೆಕೆಂಡು ಮುಂದುವರಿದರೆ ಒಣಗಣ್ಣಿನವರು ಯಾರನ್ನೂ ಕೇಳಬೇಕಿರಲಿಲ್ಲ. ಕೇಳಿದರೂ ಉತ್ತರ ಕೊಡುವ ಸ್ಥಿತಿಯಲ್ಲಿ ಯಾರೂ ಇರುತ್ತಿರಲಿಲ್ಲ.

ತನುಜಾಳಿಗೆ ಕೆಲಸ ಕಷ್ಟವಾಗಿರಲಿಲ್ಲ. ಕಷ್ಟವಾಗುತ್ತಿದ್ದುದು ಪಾಳಿಯಿಲ್ಲದ ದಿನ.

ಅವಳ ಮನೆ ಕೇಶ್ವಾಪುರದಲ್ಲಿ. ಗಂಡ ಗುರುಸಿದ್ಧ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. 'ಪಡಸಾಲೆ' ಬರುವ ಮೊದಲು ಅವನು ಸಂಜೆ ಕೈ ತೊಳೆದು ಬಂದರೆ ಇಬ್ಬರೂ ಉಣಕಲ್ ಕೆರೆಗೆ ಹೋಗುತ್ತಿದ್ದರು. ದಂಡೆಯ ಮೇಲೆ ಕೂತು ಒಂದೇ ಪೊಟ್ಟಣದ ಗಿರ್ಮಿಟ್ ತಿನ್ನುತ್ತ ಅವನು ಆ ದಿನ ಬಿಚ್ಚಿದ ಗಾಲಿಯ ಕಥೆ ಹೇಳುತ್ತಿದ್ದ. ಗಾಲಿಯ ಕಥೆಯಲ್ಲಿ ಏನೂ ಇರುತ್ತಿರಲಿಲ್ಲ. ಆದರೂ ಅವಳಿಗೆ ಅದು ಬೇಕಾಗುತ್ತಿತ್ತು.

ಈಗ ಏಳಕ್ಕೆ ಸರಿಯಾಗಿ ಪಕ್ಕದ ಮನೆಯ ಕಮಲಕ್ಕ ತನ್ನ ಮಣೆ ತಾನೇ ಹಿಡಿದು ಬರುತ್ತಿದ್ದಳು. ಗುರುಸಿದ್ಧ ಬಿಲ್ಲೆ ಹಚ್ಚಿಕೊಳ್ಳುತ್ತಿದ್ದ. ತನುಜಾಳೂ ಹಚ್ಚಿಕೊಳ್ಳುತ್ತಿದ್ದಳು. ನರದ ವೈದ್ಯರು ಇದು ಕಾಯಿಲೆಯಲ್ಲ, ಇದಕ್ಕೆ ಮದ್ದೂ ಇಲ್ಲ ಎಂದು ಎಂದೋ ಹೇಳಿಬಿಟ್ಟಿದ್ದರು. ಆದರೂ ಆರು ವರ್ಷದಲ್ಲಿ ಪಾಳಿಯಿಲ್ಲದ ಒಂದು ದಿನವೂ ಅವಳು ಬಿಲ್ಲೆ ಹಚ್ಚಿಕೊಳ್ಳುವುದನ್ನು ಬಿಟ್ಟಿರಲಿಲ್ಲ. ತೊಳೆದ ಕಿವಿಗೆ, ಒರೆಸಿದ ಬಿಲ್ಲೆ. ಆಮೇಲೆ ಪರದೆಯನ್ನು ಬಿಟ್ಟು ಗಂಡನ ಮುಖವನ್ನೇ ನೋಡುತ್ತಿದ್ದಳು.

ಒಂದು ಸಂಜೆ ಸೊಸೆ ಹಾಸಿಗೆ ಮಡಚುವಾಗ ಗುರುಸಿದ್ಧನ ಕೈ ತನುಜಾಳ ಕೈಯನ್ನು ಗಟ್ಟಿಯಾಗಿ ಹಿಡಿಯಿತು.

"ಏನಾತು ಈಗ?" ಎಂದಳು ತನುಜಾ.

"ಹಾಸಿಗಿ ಮಡಚಿದ್ಲು."

"ಅದು ನನಗೂ ಕಂಡ್ತು. ನಿಮಗೇನಾತು?"

"ಹೆಂಗ ಹೇಳ್ಲಿ, ತನೂ…"

"ಏ, ಒಂದೀಟು ಸುಮ್ಮನಿರವಾ!" ಎಂದು ಕಮಲಕ್ಕ ಕಣ್ಣೀರಿನ ನಡುವೆಯೇ ಗದರಿದಳು. "ಕುಂಬಳಕಾಯಿ ಹಂಗ ಕುಂತಿ. ಒಂದು ಹನಿ ಕಣ್ಣೀರಾರ ಬರಬಾರ್ದೇನು ಹೆಣ್ಣಮಗಳಿಗೆ?"

"ಉಳ್ಳಾಗಡ್ಡಿ ಹೆಚ್ಚುವಾಗ ಬರ್ತಾವಲ್ಲಬೇ ಕಮಲಕ್ಕ."

ಕಮಲಕ್ಕ ನಕ್ಕಳು, ಗುರುಸಿದ್ಧನೂ ನಕ್ಕ, ಒಟ್ಟಿಗೆ ಮತ್ತೆ ಪರದೆಯತ್ತ ತಿರುಗಿದರು. ಇಬ್ಬರ ಎದೆಯೂ ಒಂದೇ ಸಮಕ್ಕೆ ಏರಿ ಇಳಿಯುತ್ತಿತ್ತು. ತನುಜಾ ತನ್ನ ಉಸಿರನ್ನು ಅವರ ಲಯಕ್ಕೆ ಹೊಂದಿಸಲು ನೋಡಿದಳು. ನಾಲ್ಕು ಉಸಿರಿಗೆ ತಪ್ಪಿತು.

ಆ ಬೇಸಿಗೆಯಲ್ಲಿ ಹಿರಿಯ ಮಗ ಬರುತ್ತಾನೆ ಎಂಬ ಸುದ್ದಿ ಹರಡಿತು. ಆರು ವರ್ಷದಿಂದ ಕಾದ ಘಟನೆ. ಹಿಂದಿನ ದಿನ ಗುರುಸಿದ್ಧ ಊಟಕ್ಕೆ ಕೂತಾಗ ಹೇಳಿದ:

"ನಾಳೆ ಒಂದಿನ ರಜಾ ಹಾಕು. ನಿನಗ ತಿಳೀಲಿಲ್ಲಂದ್ರ ಇರ್ಲಿ. ನನ್ನ ಬಾಜೂಕ ಕುಂದ್ರು, ಸಾಕು."

ಅವಳಿಗೂ ಅದೇ ಬೇಕಿತ್ತು. ಆದರೆ ಇನ್ನೊಬ್ಬ ಒಣಗಣ್ಣಿನವನು ಜ್ವರದಿಂದ ಮಲಗಿದ್ದ. ಅವಳು ಪಾಳಿಗೆ ಹೋದಳು.

ಮಗ ಬಂದ. ಹೊಸ್ತಿಲ ಹೊರಗೆ ನಿಂತ. ದೊಡ್ಡವ್ವ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಹೊಸ್ತಿಲ ಈಚೆ ನಿಂತು ಕೈ ಚಾಚಿದಳು. ಮಗ ಕೈ ಚಾಚಲಿಲ್ಲ. ಅವಳು ಕೈ ಹಿಂತೆಗೆಯಲಿಲ್ಲ. ಇಬ್ಬರೂ ನಿಂತರು. ಮಾತಿಲ್ಲ, ಸಂಗೀತವಿಲ್ಲ, ರೆಪ್ಪೆ ಅಲುಗುವುದಿಲ್ಲ.

ತನುಜಾ ಚಿತ್ರ ನೋಡಿದಳು: ನಿಂತಿತ್ತು. ಧ್ವನಿಯ ಮುಳ್ಳು ನೋಡಿದಳು: ಮಲಗಿತ್ತು. ಉಸಿರಿನ ರೇಖೆಯತ್ತ ತಿರುಗಿದಳು. ಆರು ವರ್ಷದಲ್ಲಿ ಒಮ್ಮೆಯೂ ನಿಲ್ಲದ ಅಲೆ, ಅಳತೆಪಟ್ಟಿ ಹಿಡಿದು ಎಳೆದ ಗೆರೆಯಂತೆ ನೇರವಾಗಿತ್ತು. ಅವಳು ಇಪ್ಪತ್ತು ಎಣಿಸಿದಳು. ಗುಂಡಿ ಒತ್ತಿದಳು.

ಪರದೆಯ ಮೇಲೆ ತಾವರೆ ಅರಳಿತು.

ಕೊಠಡಿಯಲ್ಲಿ ಯಾರೋ ನೀರಿನಿಂದ ಮೇಲೆದ್ದವರಂತೆ ಗಾಳಿ ಎಳೆದುಕೊಂಡರು. ಅಲ್ತಾಫ್ ಎದ್ದು ನಿಂತ, ಮತ್ತೆ ಕೂತ.

"ಏನ್ ಮಾಡಿದ್ರಿ ಅಕ್ಕಾರ?"

"ರೇಖಿ ಸತ್ತಿತ್ತು, ಅಲ್ತಾಫ್. ಲೈನ್ ಹೋಗಿತ್ತು."

"ಲೈನ್ ಹೋಗಿರ್ಲಿಲ್ರಿ. ನಾವು ಉಸರ ಹಿಡದಿದ್ವಿ. ಎಲ್ಲಾರೂ."

ಮೂರು ಕೋಟಿ ಜನ ಒಟ್ಟಿಗೆ ಉಸಿರು ಹಿಡಿಯಬಹುದು ಎಂಬುದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ. ಅಂಥದ್ದು ಅದುವರೆಗೆ ನಡೆದೂ ಇರಲಿಲ್ಲ. ಮತ್ತೆ ಸಂಪರ್ಕ ಕೊಡುವಷ್ಟರಲ್ಲಿ ನಟಿ ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು. ತಂಬಿಗೆ ಉರುಳಿತ್ತು.

ತನುಜಾ ಮನೆಗೆ ನಡೆದು ಹೋದಳು. ದಾರಿಯುದ್ದಕ್ಕೂ ಜನ ಮೆಟ್ಟಿಲುಗಳ ಮೇಲೆ ಕೂತಿದ್ದರು. ಬೈಗುಳ ಕೇಳಿಸಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವರು ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಉಳಿದವರಂತೆ ಕೂತಿದ್ದರು.

ಗುರುಸಿದ್ಧ ಬಿಲ್ಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕುರ್ಚಿಯಲ್ಲಿದ್ದ.

"ಒತ್ತಿದಾಕಿ ನೀನ ಅಲ್ಲೇನು?"

"ಹೂಂ."

ಅವನು ತಲೆಯಾಡಿಸಿದ. ಸಿಟ್ಟು ಬಂದಿದ್ದರೆ ಅವನ ಮುಖದಲ್ಲಿ ಓದಬಲ್ಲವಳು ಅವಳು. ಅಲ್ಲಿ ಸಿಟ್ಟಿರಲಿಲ್ಲ. ಅವನು ಊಟ ಮಾಡದೆ ಮಲಗಿದ.

ಮರುದಿನ ಬೆಂಗಳೂರಿನ ಮುಖ್ಯ ಕಚೇರಿಯಿಂದ ಕೇಶವ ಹೆಬ್ಬಾರ್ ಎಂಬ ಅಧಿಕಾರಿ ಬಂದರು. ಎಲ್ಲ ದಾಖಲೆಗಳನ್ನೂ ತಾಳ್ಮೆಯಿಂದ ನೋಡಿದರು.

"ನೀವು ನಿಯಮದ ಪ್ರಕಾರವೇ ಮಾಡಿದ್ದೀರಿ ಮೇಡಂ. ನಮ್ಮ ತೊಂದರೆಯೇ ಅದು," ಎಂದರು.

ಅದೇ ಸಂಜೆ ದೃಶ್ಯವನ್ನು ಮತ್ತೆ ನಡೆಸಿದರು. ಮಗ ಬಂದ, ದೊಡ್ಡವ್ವ ನೀರು ತಂದಳು. ರೇಖೆ ಸಣ್ಣಗೆ ಏರಿ ಇಳಿಯಿತು, ಅಷ್ಟೇ. ಆ ಗಳಿಗೆ ನಟರು ಮಾಡಿದ್ದಲ್ಲ, ಜನ ಕೂಡಿ ಆಗಿದ್ದು. ಬೇಕೆಂದಾಗ ಬರುವಂಥದ್ದಲ್ಲ. ನಡುವೆಯೇ ನಿಲ್ಲಿಸಿದರು. ಮಗ ಮತ್ತೆ ಮಾತಿನಲ್ಲಿ ಮಾತ್ರ ಉಳಿದ.

ಆದರೆ ವೀಕ್ಷಕರು ಕಡಿಮೆಯಾಗಲಿಲ್ಲ. ತಿಂಗಳೊಂದರಲ್ಲಿ ಊರೂರಿನಲ್ಲಿ ಒಂದು ರೂಢಿ ಹುಟ್ಟಿಕೊಂಡಿತು: ಸಂಜೆ ಏಳಕ್ಕೆ ಮೊದಲು ಹೊಸ್ತಿಲ ಒಳಗೆ ಒಂದು ತಂಬಿಗೆ ನೀರು ಇಡುವುದು. ಯಾರೂ ಇಡಿ ಎಂದು ಹೇಳಿರಲಿಲ್ಲ. ಹೆಬ್ಬಾರರು ಮತ್ತೆ ಬಂದಾಗ ಅವರ ಮಾತಿನ ಧಾಟಿ ಬದಲಾಗಿತ್ತು.

"ಜನರ ಬಯಕೆ ಇಷ್ಟು ಗಟ್ಟಿಯಾಗಿ ಹಿಂದೆಂದೂ ಅಳತೆಗೆ ಸಿಕ್ಕಿಲ್ಲ. ವರ್ಷಕ್ಕೆ ಒಂದೋ ಎರಡೋ ಬಾರಿ, ಹಾಗೆಯೇ ಸರಿಯಾದ ಗಳಿಗೆಯಲ್ಲಿ ನೀವು ಗುಂಡಿ ಒತ್ತಿದರೆ…"

"ಸರಿಯಾದ ಗಳಿಗಿ ಯಾವುದಂತ ನನಗ ಗೊತ್ತಾಗೂ ಹಂಗಿದ್ರ, ಸರ್," ಎಂದಳು ತನುಜಾ, "ನಾ ಈ ಕುರ್ಚಿ ಮ್ಯಾಲ ಯಾಕ ಇರ್ತಿದ್ದೆ?"

ಅಲ್ತಾಫ್ ಕೆಮ್ಮಿದ. ಹೆಬ್ಬಾರರು ಆ ವಿಚಾರ ಬಿಟ್ಟರು.

ಮನೆಯಲ್ಲಿ ಗುರುಸಿದ್ಧ ಅಂದಿನಿಂದ ಬಿಲ್ಲೆ ಹಚ್ಚಿಕೊಳ್ಳುವುದನ್ನು ನಿಲ್ಲಿಸಿದ್ದ; ಹಚ್ಚಿಕೊಂಡರೆ ಆ ಕಡಿದ ಗಳಿಗೆಯೇ ನೆನಪಾಗುತ್ತಿತ್ತು. ಏಳಾದರೆ ಒಳಗೂ ಹೊರಗೂ ಓಡಾಡುತ್ತಿದ್ದ. ಕಮಲಕ್ಕ ಮಣೆ ಹಾಕಿಕೊಂಡು ನೋಡುತ್ತಿದ್ದರೆ ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಿದ್ದ. ಒಂದು ದಿನ ತನುಜಾ ಶೇಂಗಾ ಸುಲಿಯುತ್ತಿದ್ದಾಗ ಅವನು ಪಕ್ಕಕ್ಕೆ ಬಂದು ಕೂತ.

"ತನೂ, ಅವತ್ತಿಂದ ಏನೋ ಒಂಥರಾ ಆಗೇತಿ. ಎಲ್ಲಾರೂ ಒಳಗ ಅದಾರ, ಏನೋ ನಡದೈತಿ, ನಾ ಹೊರಗ ನಿಂತೇನಿ ಅನಸ್ತೈತಿ. ಬಾಗಲಾ ತೆರದ ಐತಿ, ಕಾಣಸ್ತೈತಿ, ಆದ್ರ ಹೋಗಾಕ ಬರಂಗಿಲ್ಲ. ಹೆಂಗ ಹೇಳ್ಲಿ…"

"ಹೇಳಬ್ಯಾಡ್ರಿ," ಎಂದಳು ಅವಳು. "ಗೊತ್ತೈತಿ."

ಅವನು ಅವಳತ್ತ ತಿರುಗಿದ.

"ನಿನಗ ದಿನಾ ಹಿಂಗ?"

"ದಿನಾ."

"ಇಷ್ಟ ವರ್ಷ?"

ಅವಳು ಒಂದು ಶೇಂಗಾ ಒಡೆದು, ಕಾಳು ಅವನ ಕೈಗೆ ಹಾಕಿದಳು. ಅಷ್ಟರಲ್ಲಿ ಕಮಲಕ್ಕ ಬಿಕ್ಕಿದಳು. ಗುರುಸಿದ್ಧ ಪರದೆಯತ್ತ ನೋಡಿದ.

"ಏನಾತು ಈಗ?"

"ದೊಡ್ಡವ್ವ ಕಸಬರಿಗಿ ಮೂಲ್ಯಾಗ ಇಟ್ಲು," ಎಂದಳು ತನುಜಾ.

"ಅಷ್ಟ?"

"ಅಷ್ಟ."

ಇಬ್ಬರಿಗೂ ನಗು ತಡೆಯಲಿಲ್ಲ. ಕಮಲಕ್ಕ ಮಣೆ ಎತ್ತಿಕೊಂಡು ಹೊಡೆಯಲು ಬಂದಳು. ಅವರು ಚಪ್ಪಲಿ ಮೆಟ್ಟಿ ಉಣಕಲ್ ಕೆರೆಯವರೆಗೆ ನಡೆದರು. ಆ ಹೊತ್ತಿಗೆ ದಂಡೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. 'ಪಡಸಾಲೆ' ನೋಡಲು ಹೋದ ಗಿರ್ಮಿಟ್ ಮಾರುವವನೂ ಮರಳಿರಲಿಲ್ಲ. ಗುರುಸಿದ್ಧ ಗಾಲಿಯ ಕಥೆ ಹೇಳಿದ. ಅವಳು ಕೇಳಿದಳು. ಮಳೆಗಾಲ ಕಳೆದು ದೀಪಾವಳಿ ಬರುವವರೆಗೂ, ಪಾಳಿಯಿಲ್ಲದ ದಿನವೆಲ್ಲ ಹೀಗೆ ನಡೆಯಿತು. ತನುಜಾ ಬಿಲ್ಲೆಯನ್ನು ಒರೆಸಿ ಕಪಾಟಿನಲ್ಲಿಟ್ಟಳು. ಬೇಕೆನಿಸುವುದು ನಿಂತಿರಲಿಲ್ಲ. ಆದರೆ ಆ ಬೇಕೆನಿಸುವುದರಲ್ಲಿ ಈಗ ಅವಳು ಒಬ್ಬಳೇ ಇರಲಿಲ್ಲ.

ದೀಪಾವಳಿಗೆ ಸಂಸ್ಥೆ ಪ್ರಕಟಿಸಿತು: ಮಗ ಪಾಡ್ಯದ ದಿನ ಮತ್ತೆ ಬರುತ್ತಾನೆ. ಜನ ಕಾದು ಕಾದು ಕೂಡಿಟ್ಟ ಬಯಕೆ ಈಗ ಸಾಕಷ್ಟಾಗಿದೆ, ಈ ಬಾರಿ ಆಗುತ್ತದೆ ಎಂಬುದು ಹೆಬ್ಬಾರರ ಲೆಕ್ಕ. ಪಾಳಿ ತನುಜಾಳದ್ದು. ಹೊಸ ಏರ್ಪಾಡೊಂದು ಅಲ್ತಾಫನ ಸಲಹೆ: ಹೊಸ್ತಿಲ ಬಳಿ ಒಂದು ಎಣ್ಣೆಯ ಹಣತೆ. ಎಲ್ಲವೂ ನಿಂತರೂ ಅದರ ಕುಡಿ ಅಲುಗುತ್ತಿದ್ದರೆ ಪ್ರಸಾರ ಜೀವಂತ ಇದೆ ಎಂದು ತಿಳಿಯಬೇಕು.

"ತೀರ್ಮಾನ ನಿಮ್ಮದೇ," ಎಂದರು ಹೆಬ್ಬಾರರು. "ಆ ಹೊತ್ತಿಗೆ ನಮ್ಮಲ್ಲಿ ಯಾರ ತಲೆಯೂ ನೆಟ್ಟಗಿರುವುದಿಲ್ಲ."

ಅಂದು ಮಧ್ಯಾಹ್ನ ಗುರುಸಿದ್ಧ ಕಪಾಟು ತೆರೆದು ತನ್ನ ಬಿಲ್ಲೆ ಹುಡುಕಿದ. ಸಿಕ್ಕಿತು. ಹಚ್ಚಿಕೊಳ್ಳದೆ ಕೈಯಲ್ಲೇ ಹಿಡಿದು ನಿಂತ.

"ಹಚ್ಕೊಂಡ್ನಿ ಅಂದ್ರ, ನಾ ಮತ್ತ ಒಳಗ ಹೋಗಿಬಿಡ್ತೇನಿ, ತನೂ."

"ಹೋಗ್ರಿ."

"ನೀ?"

ಅವಳು ಸೀರೆಯ ನೆರಿಗೆ ಸರಿಪಡಿಸಿಕೊಂಡಳು. "ನನಗ ಪಾಳಿ ಐತಲ್ಲ."

ಏಳು ಗಂಟೆ. ಮಗ ಬಂದ. ಹೊಸ್ತಿಲ ಹೊರಗೆ ನಿಂತ. ದೊಡ್ಡವ್ವ ತಂಬಿಗೆ ಹಿಡಿದು ಕೈ ಚಾಚಿದಳು. ಇಬ್ಬರೂ ನಿಂತರು.

ಧ್ವನಿ ಹೋಯಿತು. ರೇಖೆಯ ಅಲೆ ಸಣ್ಣದಾಗುತ್ತ ಬಂದು ಮಲಗಿತು. ಅಲ್ತಾಫ್ ಎರಡೂ ಕೈ ಎದೆಗೆ ಒತ್ತಿಕೊಂಡು ಕಲ್ಲಾಗಿದ್ದ. ಹಣತೆಯ ಕುಡಿ ಒಮ್ಮೆ ಎಡಕ್ಕೆ ವಾಲಿ ನೆಟ್ಟಗಾಯಿತು. ಅದು ಕಂಡದ್ದು ತನುಜಾಳಿಗೆ ಮಾತ್ರ. ಕಾಣಲಿಲ್ಲ ಎಂದು ಅವಳು ಹೇಳಿದರೆ ನಂಬದವರು ಯಾರೂ ಇರಲಿಲ್ಲ. ಗುಂಡಿ ಕೈಯ ಪಕ್ಕದಲ್ಲೇ ಇತ್ತು. ಒತ್ತಿದರೆ ತಾವರೆ. ಒತ್ತಿದರೆ ಗುರುಸಿದ್ಧ ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಾನೆ, ಶೇಂಗಾಕ್ಕೆ ಕೈ ಚಾಚುತ್ತಾನೆ, ಕೆರೆಯವರೆಗೆ ಜೊತೆಗೆ ನಡೆಯುತ್ತಾನೆ.

ಇಪ್ಪತ್ತು ಸೆಕೆಂಡು ಕಳೆಯಿತು.

ಅವಳು ರೇಖೆಯನ್ನು ನೋಡಿದಳು. ಕೂದಲೆಳೆಯಷ್ಟು ತೆಳ್ಳಗಿನ ಆ ಗೆರೆಯಲ್ಲಿ ಅವನ ಉಸಿರೂ ಇತ್ತು. ಮೂರು ಕೋಟಿಯಲ್ಲಿ ಒಂದು ಪಾಲು. ಅವನು ಕುರ್ಚಿಯ ತುದಿಗೆ ಸರಿದು, ಬಾಯಿ ತುಸು ತೆರೆದು ಕೂತಿರುತ್ತಾನೆ. ಅಂಥ ಹೊತ್ತಿನಲ್ಲಿ ಅವನ ಎಡಗೈ ಪಕ್ಕದ ಕುರ್ಚಿಯನ್ನು ತಡಕುತ್ತದೆ.

ತನುಜಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಅವುಗಳ ಮೇಲೆ ಕೂತಳು. ಕುಡಿ ಮತ್ತೊಮ್ಮೆ ವಾಲಿತು. ತಾನೂ ಉಸಿರು ಹಿಡಿದಿದ್ದೇನೆ ಎಂದು ಆಗ ಅವಳಿಗೆ ಗೊತ್ತಾಯಿತು. ಅದು ಯಾವ ಬಿಲ್ಲೆಗೂ ಸಿಗುವಂಥದ್ದಲ್ಲ, ಯಾವ ರೇಖೆಗೂ ಸೇರುವಂಥದ್ದಲ್ಲ.

ಮಗ ಕೈ ಚಾಚಿದ. ತಂಬಿಗೆ ತೆಗೆದುಕೊಂಡು ಕುಡಿದ.

ರೇಖೆ ಪರದೆಯ ಅಂಚಿನವರೆಗೆ ಎದ್ದು ಹಾರಿತು. ಹೊರಗೆ ಬೀದಿಯಿಂದ, ಎಲ್ಲ ಮನೆಗಳಿಂದ ಒಟ್ಟಿಗೆ ಎದ್ದ ಒಂದು ಸದ್ದು ಗೋಡೆ ದಾಟಿ ಒಳಗೆ ಬಂತು. ಅಲ್ತಾಫ್ ಮೇಜಿನ ಮೇಲೆ ತಲೆಯಿಟ್ಟು ಅತ್ತ. ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತಿ ಕೇಳಿದ:

"ಈ ಸರ್ತೆ… ಏನಾರ ಅನಿಸ್ತೇನ್ರಿ ಅಕ್ಕಾರ?"

"ಒಬ್ಬಾಂವ ನೀರ ಕುಡದ," ಎಂದಳು ತನುಜಾ. ಅಷ್ಟು ಹೊತ್ತು ಮೇಲೆ ಕೂತದ್ದಕ್ಕೆ ಅವಳ ಕೈಗಳು ಜೋಮು ಹಿಡಿದಿದ್ದವು.

ಬೀದಿಯಲ್ಲಿ ಗುರುತಿಲ್ಲದವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಯಾರೋ ಅವಳ ಕೈಗೂ ಒಂದು ಪೇಢೆ ಇಟ್ಟರು. ಪಾಡ್ಯದ ದೀಪಗಳ ನಡುವೆ ಅವಳು ಕೇಶ್ವಾಪುರಕ್ಕೆ ನಡೆದಳು. ಓಣಿಯ ಹೊಸ್ತಿಲುಗಳ ಒಳಗಿನ ತಂಬಿಗೆಗಳು ಖಾಲಿಯಾಗಿದ್ದವು. ಮನೆಯವರೇ ಕುಡಿದು ಮುಗಿಸಿದ್ದರು.

ಗುರುಸಿದ್ಧ ಬಾಗಿಲಲ್ಲಿ ನಿಂತಿದ್ದ. ಕಿವಿಯ ಹಿಂದೆ ಬಿಲ್ಲೆ ಇನ್ನೂ ಹಾಗೇ ಇತ್ತು. ಮುಖ ಅತ್ತು ತೊಳೆದಂತಿತ್ತು. ಎಷ್ಟೋ ದೂರದ ಊರಿನಿಂದ ಈಗ ತಾನೇ ಬಂದಿಳಿದವನ ಮುಖ. ಅವನ ಕೈಯಲ್ಲಿ ತುಂಬಿದ ತಂಬಿಗೆ ಇತ್ತು. ಹೊಸ್ತಿಲ ಒಳಗಿನಿಂದಲೇ ಅದನ್ನು ಅವಳತ್ತ ಚಾಚಿ, ಅವಳ ಮುಖವನ್ನೇ ನೋಡುತ್ತ ನಿಂತ.

ತನುಜಾಳಿಗೆ ನಡೆದು ಬಾಯಾರಿತ್ತು. ತಂಬಿಗೆ ತೆಗೆದುಕೊಂಡು ಹೊರಗೆ ನಿಂತೇ ಗಟಗಟ ಕುಡಿದಳು. ನೀರು ನೀರಿನ ಹಾಗೇ ಇತ್ತು.

"ಇನ್ನೊಂದು ತರ್ಲೇನು?" ಎಂದ ಅವನು.

"ತರ್ರಿ," ಎಂದಳು ಅವಳು, ಖಾಲಿ ತಂಬಿಗೆಯನ್ನು ಅವನ ಕೈಗೆ ಕೊಡುತ್ತ.